ಹರ್ಷೆಲರ ಚಿತ್ರ ಮತ್ತು ಲೆನ್ಸಿನ ಸ್ಫುಟತೆ

1867ರ ಏಪ್ರಿಲ್‌ನಲ್ಲಿ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಅವರು ಖಗೋಳ ವಿಜ್ಞಾನಿ ಜಾನ್ ಹರ್ಷೆಲರ ಮುಖಚಿತ್ರವನ್ನು ತೆಗೆದರು. ಕಲ್ಕತ್ತೆಯಲ್ಲಿ ಹುಟ್ಟಿದ ಕ್ಯಾಮೆರಾನ್ ಅವರ ಕೈಗೆ ಕ್ಯಾಮೆರಾ ಬಂದದ್ದೇ 48ನೇ ವಯಸ್ಸಿನಲ್ಲಿ. ಎದುರು ಕುಳಿತಿದ್ದ 75ರ ಹರ್ಷೆಲರಾದರೋ, ಬೆಳಕಿಗೆ ಕಪ್ಪಾಗುವ ಬೆಳ್ಳಿಯ ಲವಣಗಳನ್ನು ಹೈಪೋ (ಸೋಡಿಯಂ ಥಯೋಸಲ್ಫೇಟ್ ಎಂಬ ರಾಸಾಯನಿಕ) ಕರಗಿಸುತ್ತದೆಂಬುದನ್ನು 1819ರಲ್ಲೇ ಕಂಡುಕೊಂಡು, ಮುಂದೆ ಛಾಯಾಚಿತ್ರಗಳು ಬೆಳಕಿನಲ್ಲೂ ಅಳಿಯದೆ ಉಳಿಯುವ ದಾರಿಯನ್ನು ತೋರಿದವರು. ಈ ಚಿತ್ರದಲ್ಲಿ ಅವರ ಕೆದರಿದ ಬಿಳಿಗೂದಲು ಹಿನ್ನೆಲೆಯ ಕತ್ತಲಲ್ಲಿ ಮಂಜಿನಂತೆ ಹರಡಿದೆ, ಅಂಚುಗಳು ಮಸುಕಾಗಿವೆ. ಇಂದಿನ ಲೆನ್ಸ್ ಪರೀಕ್ಷೆಯ ಅಳತೆಗೆ ಇದು ನಿಲ್ಲುವುದಿಲ್ಲ. ಆದರೂ ವಿಜ್ಞಾನಿಗಳ ಮುಖಚಿತ್ರಗಳಲ್ಲಿ ನಾನು ಮತ್ತೆ ಮತ್ತೆ ತೆರೆದು ನೋಡುವುದು ಇದನ್ನೇ.

ಆ ಮಸುಕಿಗೆ ಭೌತಿಕ ಕಾರಣಗಳಿದ್ದವು. ಅಂದಿನ ಒದ್ದೆ ಕೊಲೋಡಿಯನ್ ಫಲಕ (ಬೆಳಕಿಗೆ ಸ್ಪಂದಿಸುವ ಲೇಪನ ಹಚ್ಚಿದ ಗಾಜು) ಮುಖ್ಯವಾಗಿ ನೀಲಿ ಮತ್ತು ನೇರಳೆ ಬೆಳಕಿಗೆ ಸ್ಪಂದಿಸುತ್ತಿತ್ತು, ನಮ್ಮ ಕಣ್ಣಿಗಾದರೆ ಹಸಿರು-ಹಳದಿಯೇ ಹೆಚ್ಚು ಪ್ರಖರ. ಮಸೂರವು ಒಂದೊಂದು ಬಣ್ಣವನ್ನು ಒಂದೊಂದು ದೂರದಲ್ಲಿ ಕೂಡಿಸುವುದರಿಂದ, ಈ ದೋಷವನ್ನು ತಿದ್ದಿರದ ಲೆನ್ಸಿನಲ್ಲಿ ಕಣ್ಣು ಒಪ್ಪಿದ ಫೋಕಸ್ ಫಲಕಕ್ಕೆ ಒಪ್ಪುತ್ತಿರಲಿಲ್ಲ. ಜೊತೆಗೆ ದೊಡ್ಡ ಫಲಕ, ಹತ್ತಿರದ ಮುಖ, ನಿಮಿಷಗಟ್ಟಲೆ ಎಕ್ಸ್‌ಪೋಷರ್ (ಫಲಕದ ಮೇಲೆ ಬೆಳಕು ಬೀಳಬೇಕಾದ ಅವಧಿ): ಕುಳಿತವರು ಉಸಿರಾಡಿದರೂ ಗೆರೆ ಅಲುಗುತ್ತಿತ್ತು. ಅಂದಿನ ವಿಮರ್ಶಕರು ಆಕೆಯ ಫೋಕಸನ್ನು ಟೀಕಿಸಿದರು. ಇಂಥದ್ದೇ ಸರಿಯಾದ ಫೋಕಸ್ ಎಂದು ಹೇಳುವ ಹಕ್ಕು ಯಾರಿಗಿದೆ ಎಂದು ಕ್ಯಾಮೆರಾನ್ ಹರ್ಷೆಲರಿಗೇ ಪತ್ರ ಬರೆದು ಕೇಳಿದ್ದರು.

ಇಂದು ಲೆನ್ಸುಗಳು ಬಹಳ ಸುಧಾರಿಸಿವೆ, ಆದರೆ ಬೆಳಕಿನ ನಿಯಮ ಬದಲಾಗಿಲ್ಲ. ಎಷ್ಟೇ ದೋಷರಹಿತ ಲೆನ್ಸಾದರೂ ಬೆಳಕು ಒಳಬರುವ ಅದರ ಕಿಂಡಿಯನ್ನು, ಅಂದರೆ ಅಪರ್ಚರನ್ನು, ಎಫ್/16ಕ್ಕೆ (ಫೋಕಲ್ ದೂರದ ಹದಿನಾರನೇ ಒಂದು ಭಾಗಕ್ಕೆ) ಕಿರಿದಾಗಿಸಿದರೆ, ಕಿರಿಕಿಂಡಿಯಲ್ಲಿ ಹಾಯುವ ಬೆಳಕು ಹರಡಿಕೊಳ್ಳುವ ವಿವರ್ತನೆಯಿಂದಾಗಿ ಹಸಿರು ಬೆಳಕಿನ ಒಂದು ಬಿಂದು ಸುಮಾರು 21 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಗಲದ ಚುಕ್ಕೆಯಾಗಿ ಹರಡುತ್ತದೆ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ (36×24 ಮಿಲಿಮೀಟರಿನ ಸಂವೇದಕವಿರುವ) ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್‌ನ ಅಗಲ ಸುಮಾರು 6 ಮೈಕ್ರಾನ್, ಅಂದರೆ ದುಬಾರಿ ಲೆನ್ಸಿಗೂ ಅಗ್ಗದ್ದಕ್ಕೂ ಇರುವ ಅಂತರ ಅಲ್ಲಿ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ನೋಡುವ ಕಣ್ಣಿಗೂ ಮಿತಿಯಿದೆ. ಸಾಮಾನ್ಯ ದೃಷ್ಟಿಯವರು 30 ಸೆಂಟಿಮೀಟರ್ ದೂರದಿಂದ ಒಂದು ಮಿಲಿಮೀಟರಿನ ಹನ್ನೊಂದನೇ ಒಂದು ಭಾಗಕ್ಕಿಂತ ಸಣ್ಣ ವಿವರವನ್ನು ಬೇರ್ಪಡಿಸಿ ನೋಡಲಾರರು. ಆ ಲೆಕ್ಕದಲ್ಲಿ 4×6 ಇಂಚಿನ ಮುದ್ರಣಕ್ಕೆ 2 ಮೆಗಾಪಿಕ್ಸೆಲ್ ಸಾಕು. ಪರದೆಯ ಮೇಲೆ ಚಿತ್ರವನ್ನು ನೂರು ಪ್ರತಿಶತ (ಚಿತ್ರದ ಒಂದು ಪಿಕ್ಸೆಲ್‌ಗೆ ಪರದೆಯ ಒಂದು ಪಿಕ್ಸೆಲ್) ಹಿಗ್ಗಿಸಿ ಮೂಲೆಯನ್ನು ಪರೀಕ್ಷಿಸುವಾಗ ನಾವು ಅಳೆಯುವುದು ಲೆನ್ಸನ್ನು. ಆ ಹೊತ್ತಿನಲ್ಲಿ ಚಿತ್ರ ನಮ್ಮ ಕಣ್ಣಮುಂದೆ ಇರುವುದೇ ಇಲ್ಲ.

ಹಾಗೆಂದು ಸ್ಫುಟತೆಯನ್ನು ನಾನು ಕಡೆಗಣಿಸಲಾರೆ. ಚಳಿಗಾಲಕ್ಕೆ ಪಶ್ಚಿಮ ಘಟ್ಟಗಳಿಗೆ ವಲಸೆ ಬರುವ ಪುಟ್ಟ ಎಲೆ ಉಲಿಯಕ್ಕಿಗಳನ್ನು ಗುರುತಿಸಲು ರೆಕ್ಕೆಯ ಮೇಲಿನ ತೆಳುವಾದ ಪಟ್ಟಿ ಕಾಣಲೇಬೇಕು, ಅಲ್ಲಿ ಮಸುಕಾದ ಚಿತ್ರದಿಂದ ಪ್ರಯೋಜನವಿಲ್ಲ. ಆದರೆ ಅಲ್ಲಿಯೂ ಲೆನ್ಸೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕಾದ ನೆಲದ ಮೇಲೆ ಬಿಸಿ ಮತ್ತು ತಂಪು ಗಾಳಿ ಕಲಸಿಕೊಳ್ಳುತ್ತಿರುತ್ತವೆ, ಅವು ಬೆಳಕನ್ನು ಬಾಗಿಸುವ ಪ್ರಮಾಣ, ಅಂದರೆ ವಕ್ರೀಭವನ ಸೂಚ್ಯಂಕ, ಬೇರೆಯಾದ್ದರಿಂದ ದೂರದ ಹಕ್ಕಿಯಿಂದ ಬರುವ ಬೆಳಕು ದಾರಿಯುದ್ದಕ್ಕೂ ಬಾಗುತ್ತ ಬರುತ್ತದೆ. ದೂರದ್ದನ್ನು ಹತ್ತಿರ ತೋರಿಸುವ 600 ಮಿಲಿಮೀಟರಿನ ಶ್ರೇಷ್ಠ ಲೆನ್ಸೂ ಆ ನಡುಕವನ್ನೇ ನಿಷ್ಠೆಯಿಂದ ದಾಖಲಿಸುತ್ತದೆ. ಅದಕ್ಕೆ ಇರುವ ಪರಿಹಾರ ಎರಡೇ: ನೆಲ ಕಾಯುವ ಮೊದಲೇ ಹೋಗುವುದು, ಇಲ್ಲವೇ ಹಕ್ಕಿ ಬೆದರದಂತೆ ಕುಳಿತು, ಅದಾಗಿಯೇ ಹತ್ತಿರ ಬರುವವರೆಗೆ ಕಾಯುವುದು.