ಕೈ ಓಡುತ್ತೆ, ಹಾಡು ಬರಲ್ಲ ಯಾಕೆ?

ಪ್ರಶ್ನೆ: ಎರಡು ವರ್ಷದಿಂದ ಗಿಟಾರ್ ನುಡಿಸ್ತಿದ್ದೀನಿ ಸರ್. ಸ್ಕೇಲ್‌ಗಳೆಲ್ಲ 150 ಬಿಪಿಎಂನಲ್ಲಿ (ನಿಮಿಷಕ್ಕೆ 150 ಬೀಟ್) ಸಲೀಸು. ಆದರೆ ಮನೇಲಿ ಒಬ್ಬರೂ ಕೂತು ಕೇಳಲ್ಲ. ಸ್ಪೀಡ್ ಬಿಟ್ಟುಬಿಡಬೇಕಾ? (ಓದುಗರೊಬ್ಬರು, ಕುವೆಂಪುನಗರ, ಮೈಸೂರು)

ಬಿಡಬೇಡಿ. ಕಷ್ಟಪಟ್ಟು ಗಳಿಸಿದ್ದು, ಇರಲಿ. ನಿಮಗೆ ಬಾರದಿರುವುದು ನಿಧಾನ.

150 ಬಿಪಿಎಂನಲ್ಲಿ ಬೀಟಿಗೆ ನಾಲ್ಕು ಸ್ವರ ಅಂದರೆ ಸೆಕೆಂಡಿಗೆ ಹತ್ತು. ಅಷ್ಟು ಹೊತ್ತಲ್ಲಿ ಬೆರಳಿಗೆ ಒತ್ತಿ ಬಿಡುವ ಕೆಲಸ ಬಿಟ್ಟರೆ ಇನ್ನೇನೂ ಇಲ್ಲ. ಈಗ ಬೀಟ್ ಎಣಿಸಿಕೊಡುವ ಮೆಟ್ರೋನೋಮನ್ನು 50ಕ್ಕೆ ಇಳಿಸಿ, ಬೀಟಿಗೆ ಒಂದೇ ಸ್ವರ ನುಡಿಸಿ. ಒಂದೊಂದಕ್ಕೂ 1.2 ಸೆಕೆಂಡ್. ಗಿಟಾರ್ ತಂತಿ ಪಿಟೀಲಿನ ಹಾಗಲ್ಲ, ಮೀಟಿದ ಕ್ಷಣದಿಂದಲೇ ನಾದ ಸಾಯುತ್ತಾ ಬರುತ್ತದೆ. ಅದನ್ನು ಬದುಕಿಸಿಟ್ಟುಕೊಳ್ಳುವ ವೈಬ್ರಾಟೊ (ಸ್ವರವನ್ನು ನಡುಗಿಸುವುದು), ಬೆಂಡ್ (ತಂತಿ ಎಳೆದು ಸ್ವರ ಏರಿಸುವುದು), ಸ್ಲೈಡ್ (ಬೆರಳು ಜಾರಿಸುವುದು), ಎಲ್ಲಿ ನಿಲ್ಲಿಸಬೇಕೆಂಬ ತೀರ್ಮಾನ, ಇದ್ಯಾವುದನ್ನೂ ನೀವು ಎರಡು ವರ್ಷದಲ್ಲಿ ಬೆರಳಿಗೆ ಕಲಿಸಿಲ್ಲ ಅಂತ ನನ್ನ ಗುಮಾನಿ.

ನಾನೂ ಹಾಗೇ ಇದ್ದೆ. ಕಾಲೇಜಿನಲ್ಲಿದ್ದಾಗ ಸೋದರತ್ತೆ ಎದುರು ಒಂದು ಸೋಲೊ ಬಾರಿಸಿ ಬೀಗುತ್ತಾ ಕೂತಿದ್ದೆ. ಅತ್ತೆ ವೀಣೆ ಕಲಿತವರು. "ಯಾಕೋ ಮಗು, ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?" ಅಂದರು. ಆಮೇಲೆ ವೀಣೆ ತೊಡೆಗೆ ಎಳೆದುಕೊಂಡು ಒಂದೇ ಮೆಟ್ಟಿನ ಮೇಲೆ ತಂತಿಯನ್ನು ಪಕ್ಕಕ್ಕೆಳೆದು, ಒಂದೇ ಮೀಟಿಗೆ ಮೂರು ಸ್ವರ ತೋರಿಸಿದರು. ಗಿಟಾರಿನ ಬೆಂಡ್ ಕೂಡ ಇದೇ ತಾನೆ!

ಅದಕ್ಕೊಂದು ಪರೀಕ್ಷೆಯಿದೆ. ಗಿಟಾರಿನ ಎರಡನೇ ತಂತಿಯ ಹತ್ತನೇ ಫ್ರೆಟ್ (ಮೆಟ್ಟು) ನುಡಿಸಿ, ಶ್ರುತಿ ಕಿವಿಯಲ್ಲಿ ಇಟ್ಟುಕೊಳ್ಳಿ. ಈಗ ಎಂಟನೇ ಫ್ರೆಟ್ಟಿನಿಂದ ತಂತಿ ಎಳೆದು ಅದೇ ಸ್ವರ ಮುಟ್ಟಿ. ಬಹಳಷ್ಟು ಜನ ಕೂದಲೆಳೆಯಷ್ಟು ಕೆಳಗೇ ನಿಲ್ಲುತ್ತಾರೆ. ವೇಗದಲ್ಲಿ ಇದು ಮುಚ್ಚಿಹೋಗುತ್ತದೆ, ನಿಧಾನದಲ್ಲಿ ಹಲ್ಲುನೋವಿನ ಹಾಗೆ ಕಾಡುತ್ತದೆ.

ವೇಗ ಇದ್ದರೆ ಭಾವ ಇರಲ್ಲ ಅನ್ನುವವರ ಮಾತೂ ನನಗೆ ಒಪ್ಪಿಗೆಯಿಲ್ಲ. ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ನಾಲ್ಕು ಸ್ವರದಲ್ಲಿ ಗೆದ್ದರು, ನಿಜ. ಆದರೆ ವೇಗಕ್ಕೇ ಹೆಸರಾದ ರಾಕ್ ಗಿಟಾರ್ ವಾದಕ ಇಂಗ್ವೆ ಮಾಲ್ಮ್‌ಸ್ಟೀನ್ ಒಂದು ಉದ್ದ ಸ್ವರಕ್ಕೆ ಬಂದು ನಿಂತಾಗ ಆ ವೈಬ್ರಾಟೊ ಕೇಳಿ. ನಮ್ಮ ಕರ್ನಾಟಕ ಸಂಗೀತದಲ್ಲೂ ಮೊದಲ ಪಾಠವಾದ ಸರಳೆ ವರಸೆಯನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ ಕಲಿಸುತ್ತಾರೆ. ಮೂರನೇ ಕಾಲ ಬಂತೆಂದು ಮೊದಲನೇ ಕಾಲವನ್ನು ಅಟ್ಟಕ್ಕೆ ಹಾಕುವುದಿಲ್ಲ. ವೀಣೆ ಶೇಷಣ್ಣನವರ ಊರಿನಲ್ಲಿದ್ದೀರಿ, ಸಂಜೆ ಯಾವುದಾದರೂ ವೀಣಾ ಕಚೇರಿಗೆ ಹೋಗಿ ಕೂರಿ. ಮೊದಲ ಹತ್ತು ನಿಮಿಷದ ಆಲಾಪನೆಯಲ್ಲಿ ಮೀಟುವ ಬಲಗೈ ಎಷ್ಟು ಹೊತ್ತು ಸುಮ್ಮನಿರುತ್ತದೆ, ಅದನ್ನು ಮಾತ್ರ ನೋಡಿ.

ಇನ್ನೊಂದು. ಹಾಡುವವರಿಗೆ ಉಸಿರು ಮುಗಿಯುತ್ತದೆ, ನಿಲ್ಲಲೇಬೇಕು. ಗಿಟಾರಿನವರಿಗೆ ಆ ಕಟ್ಟುಪಾಡಿಲ್ಲ, ಬಾರಿಸುತ್ತಲೇ ಇರುತ್ತೇವೆ. ಹಾಗಾಗಿ ನುಡಿಸುವುದನ್ನು ಮೊದಲು ಬಾಯಲ್ಲಿ ಹಾಡಿ, ಉಸಿರು ತೆಗೆದುಕೊಂಡ ಕಡೆಯೇ ಕೈಯನ್ನೂ ನಿಲ್ಲಿಸಿ. ಮನೇಲಿ ನಾಚಿಕೆಯಾದರೆ ನನ್ನ ಹಾಗೆ ರಿಂಗ್ ರೋಡಿನಲ್ಲಿ ಹೆಲ್ಮೆಟ್ ಒಳಗೇ ಹಾಡಿಕೊಳ್ಳಿ.