ಕೋಟೆ ಸಂದಿಯಲ್ಲಿ ಡಬ್ಬಿ ಬಚ್ಚಿಟ್ಟರೆ ಏನಾಗುತ್ತೆ?

ಪ್ರಶ್ನೆ: ರಜೆಗೆ ಬರುವ ಮಕ್ಕಳಿಗೆ ಶ್ರೀರಂಗಪಟ್ಟಣದ ಕೋಟೆಯಲ್ಲಿ ನಿಧಿ ಹುಡುಕುವ ಆಟ ಆಡಿಸೋಣ ಅಂತಿದ್ದೇವೆ. ಅಗೆಯುವುದಿಲ್ಲ, ಗೀಚುವುದಿಲ್ಲ. ಪುಟ್ಟ ಡಬ್ಬಿ ಬಚ್ಚಿಟ್ಟು ಮೊಬೈಲಿನಲ್ಲಿ ಜಾಗದ ಗುರುತು ಕೊಡುತ್ತೇವೆ, ಅಷ್ಟೆ. ಇದರಿಂದ ಕಲ್ಲಿಗೇನು ನಷ್ಟ?

ಉತ್ತರ: ಬಚ್ಚಿಡುವವರಿಂದ ಹೆಚ್ಚೇನಿಲ್ಲ, ಹುಡುಕುವವರಿಂದ ಇದೆ. ಬಟಾಬಯಲಿನಲ್ಲೇ ಮೊಬೈಲಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ. ಎತ್ತರದ ಗೋಡೆ, ಮರಗಳ ಪಕ್ಕದಲ್ಲಿ ಇನ್ನೂ ದೂರ. ಹಾಗಾಗಿ ಒಂದು ಸಂದಿಯಲ್ಲಿಟ್ಟ ಡಬ್ಬಿಗಾಗಿ ಅಕ್ಕಪಕ್ಕದ ಹತ್ತಾರು ಸಂದಿಗಳಿಗೆ ಕೈ ಹೋಗುತ್ತದೆ, ಕೈ ಹೋಗದ ಕಡೆ ಕಡ್ಡಿ. ಸಡಿಲಾದ ಗಾರೆ ಉದುರುತ್ತದೆ, ಚಕ್ಕೆಕಲ್ಲು ಜಾರುತ್ತದೆ. ಆ ಸಂದಿಗೆ ಮಳೆನೀರು ಇಳಿದು, ಹಕ್ಕಿ ಹಾಕಿದ ಅರಳಿ ಬೀಜ ಮೊಳೆತರೆ ಮುಂದಿನದು ಗೊತ್ತೇ ಇದೆ. ಇದು ಒಂದು ತಂಡದ ಕತೆ. ಗುರುತು ಆನ್‌ಲೈನಿನಲ್ಲಿ ಉಳಿದರೆ ಮುಂದಿನ ವರ್ಷವೂ ಯಾರೋ ಬಂದು ತಡಕುತ್ತಾರೆ.

ಜಿಯೋಕ್ಯಾಚಿಂಗ್ ಎಂಬ ಈ ಆಟ ಹುಟ್ಟಿದ್ದು ಅಮೆರಿಕದಲ್ಲಿ, 2000ದ ಮೇ 3ರಂದು. ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಂಕು ಮಾಡುವುದನ್ನು ಅಲ್ಲಿನ ಸರ್ಕಾರ ಆಗಷ್ಟೇ ನಿಲ್ಲಿಸಿತ್ತು, ಜಾಗದ ಗುರುತು ಸರಿಯಾಗಿ ಸಿಗತೊಡಗಿತ್ತು. ಆವತ್ತು ಒಬ್ಬರು ಒಂದು ಬಕೆಟ್ಟನ್ನು ಅರ್ಧ ಹೂತಿಟ್ಟರು. (ಹೂಳಬಾರದು ಎಂಬುದೇ ಈಗ ಆಟದ ನಿಯಮ.)

ಆದರೆ ‘ನಿಧಿ’ ಅನ್ನುವ ಮಾತು ನಮ್ಮ ಕಡೆ ಆಟದ ಮಾತಲ್ಲ. ಕೊಪ್ಪರಿಗೆ ಹೊನ್ನಿದೆ ಎಂದು ವೀರಗಲ್ಲಿನ ಬುಡ ಅಗೆದವರು, ಪಾಳುಗುಡಿಯ ಬಸವನನ್ನೇ ಒಡೆದವರು ಇದ್ದಾರೆ. ಸಂಜೆ ನಿಮ್ಮ ಮಕ್ಕಳು ಗೋಡೆ ತಡಕುವುದನ್ನು ಕಂಡವರೊಬ್ಬರು ರಾತ್ರಿ ಹಾರೆ ತಂದರೆ? ನನಗೆ ಡಬ್ಬಿಗಿಂತ ಇದರದೇ ಹೆದರಿಕೆ.

ಕಾನೂನಿನ ಮಾತು ಚಿಕ್ಕದು. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನಂಥ ಕೇಂದ್ರ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಯಡಿ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಆಟ ಬಿಡಬೇಡಿ, ಡಬ್ಬಿ ಬಿಡಿ. ಉತ್ತರವೇ ನಿಧಿಯಾಗಲಿ. ದರಿಯಾ ದೌಲತ್‌ನ ಗೋಡೆಚಿತ್ರದಲ್ಲಿ ಹೈದರ್, ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಕಾಳಗವಿದೆ; ಅಷ್ಟು ಕುದುರೆ, ಆನೆ, ಸಿಪಾಯಿಗಳ ನಡುವೆ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿ ಕೂತ ಬ್ರಿಟಿಷ್ ಕರ್ನಲ್ ಎಲ್ಲಿದ್ದಾನೆ, ಹುಡುಕಲಿ. ಇನ್ನೊಂದು ದಿನ ಸೋಮನಾಥಪುರಕ್ಕೆ ಹೋಗಿ. ಅಲ್ಲಿನ ಶಿಲ್ಪಿ ಮಲ್ಲಿತಮ್ಮ ಹಲವು ವಿಗ್ರಹಗಳ ಪೀಠದಲ್ಲಿ ತನ್ನ ಹೆಸರು ಕೆತ್ತಿದ್ದಾನೆ. ಮುಟ್ಟದೆ, ಬಗ್ಗಿ ನೋಡಿ ಮೊದಲು ಕಂಡುಹಿಡಿದವರಿಗೆ ಮದ್ದೂರು ವಡೆ.