ಹಳೇ ಕಾರಲ್ಲಿ ಸೆನ್ಸರ್ ಹೋಗಿದ್ಯಾ, ವೈರ್ ಹೋಗಿದ್ಯಾ? ನನ್ನ ಟಿಪ್ಪಣಿ

ಚೆಕ್ ಎಂಜಿನ್ ಲೈಟ್ ಬಂತು, ಸ್ಕ್ಯಾನರ್ ಹಾಕಿ ಕೋಡ್ ಓದಿದ್ವಿ, ಅದರಲ್ಲಿ ಬಂದ ಹೆಸರಿನ ಸೆನ್ಸರ್ ತಂದು ಹಾಕಿದ್ವಿ, ಇದಕ್ಕೆ ರಿಪೇರಿ ಅನ್ನಲ್ಲ, ಲಾಟರಿ ಅಂತಾರೆ. ನಾನೂ ಆಡಿದೀನಿ. ನಮ್ಮನೆ ಹಳೇ ಪೆಟ್ರೋಲ್ ಕಾರಲ್ಲಿ ಪಿ0118 ಬಂದಾಗ ಹೊಸ ಕೂಲಂಟ್ ಟೆಂಪರೇಚರ್ ಸೆನ್ಸರ್ ಹಾಕಿದ್ದಾಯ್ತು, ಮಾರನೇ ದಿನ ಮತ್ತೆ ಅದೇ ಕೋಡ್, ಆಮೇಲೆ ಹುಡುಕಿದ್ರೆ ಬ್ಯಾಟರಿ ಹಿಂದೆ ಇಲಿ ವೈರ್ ಕಡಿದಿತ್ತು. ಆ ಕೋಡಿನ ಅರ್ಥ ಕೂಲಂಟ್ ಸೆನ್ಸರ್ "ಸರ್ಕ್ಯೂಟಲ್ಲಿ" ವೋಲ್ಟೇಜ್ ಜಾಸ್ತಿ ಅಂತ ಅಷ್ಟೇ. ಸೆನ್ಸರ್ ಕೆಟ್ಟಿದೆ ಅಂತ ಅದು ಎಲ್ಲೂ ಹೇಳಿರ್ಲಿಲ್ಲ.

ಈ ಸೆನ್ಸರನ್ನೇ ಮೊದಲು ಚೆನ್ನಾಗಿ ಅರ್ಥ ಮಾಡ್ಕೊಳ್ಳಿ, ಉಳಿದಿದ್ದು ಸುಲಭ ಆಗತ್ತೆ. ಒಳಗಿರೋದು ಒಂದು ಥರ್ಮಿಸ್ಟರ್, ಬಿಸಿ ಏರಿದಷ್ಟೂ ರೆಸಿಸ್ಟೆನ್ಸ್ ಇಳಿಯತ್ತೆ. 20 ಡಿಗ್ರೀಲಿ ಸುಮಾರು 2ರಿಂದ 3 ಕಿಲೋ ಓಮ್, 80 ಡಿಗ್ರೀಲಿ ಸುಮಾರು 300 ಓಮ್, ಕಾರಿಂದ ಕಾರಿಗೆ ಸ್ವಲ್ಪ ಹೆಚ್ಚುಕಮ್ಮಿ. ಇಸಿಯು, ಅಂದ್ರೆ ಎಂಜಿನ್ ನೋಡ್ಕೊಳ್ಳೋ ಕಂಪ್ಯೂಟರ್, ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕೊಟ್ಟು, ಸೆನ್ಸರ್ ಅದನ್ನ ಎಷ್ಟಕ್ಕೆ ಇಳಿಸ್ತು ಅಂತ ನೋಡತ್ತೆ. ವೈರ್ ತುಂಡಾದ್ರೆ 5 ವೋಲ್ಟ್ ಹಾಗೇ ನಿಲ್ಲತ್ತೆ, ಇಸಿಯು ಲೆಕ್ಕದಲ್ಲಿ ಅದು ಮೈನಸ್ 40 ಡಿಗ್ರಿ. ಬೇಸಿಗೇಲಿ ರಾಯಚೂರಲ್ಲಿ ನಿಂತಿರೋ ಕಾರು ಮೈನಸ್ 40 ಅಂದ್ರೆ ನಗು ಬರತ್ತೆ, ಆದ್ರೆ ಇಸಿಯು ಅದನ್ನ ನಂಬಿದ್ರೆ ಪೆಟ್ರೋಲ್ ಸುರಿಯತ್ತೆ, ಕಪ್ಪು ಹೊಗೆ, ಮೈಲೇಜ್ ಢಮಾರ್. ಕೆಲವು ಕಾರಲ್ಲಿ ಇಸಿಯು ತಾನೇ ಒಂದು ಅಂದಾಜು ಟೆಂಪರೇಚರ್ ಹಿಡ್ಕೊಂಡು ರೇಡಿಯೇಟರ್ ಫ್ಯಾನ್ ಓಡಿಸ್ತಾನೇ ಇರತ್ತೆ. ಇನ್ನೊಂದು, ಡ್ಯಾಶ್‌ಬೋರ್ಡಿನ ಮುಳ್ಳು ಸರಿಯಾಗಿದೆ ಅಂತ ಸಮಾಧಾನ ಪಟ್ಕೋಬೇಡಿ, ಎಷ್ಟೋ ಹಳೇ ಕಾರುಗಳಲ್ಲಿ ಮುಳ್ಳಿಗೆ ಬೇರೆ ಸೆಂಡರ್, ಇಸಿಯುಗೆ ಬೇರೆ ಸೆನ್ಸರ್.

ಈಗ ಟೆಸ್ಟ್. ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ, ಮಲ್ಟಿಮೀಟರಲ್ಲಿ 5 ವೋಲ್ಟ್ ಬರತ್ತಾ ನೋಡಿ. ಆಮೇಲೆ ಕನೆಕ್ಟರಿನ ಎರಡೂ ಪಿನ್ ಒಂದು ಚೂರು ವೈರಿಂದ ಸೇರಿಸಿ, ಸ್ಕ್ಯಾನರಲ್ಲಿ ರೀಡಿಂಗ್ ಮೈನಸ್ 40ರಿಂದ ನೂರರ ಮೇಲಕ್ಕೆ ಹಾರಿದ್ರೆ ವೈರ್, ಇಸಿಯು ಎರಡೂ ಚೆನ್ನಾಗಿವೆ, ತಪ್ಪು ಸೆನ್ಸರಿಂದೇ. ಅಲ್ಲಾಡದೆ ಕೂತ್ರೆ ವೈರ್ ಹುಡುಕಿ. ನಾವು ಇದನ್ನ ಮೊದಲೇ ಮಾಡಿದ್ರೆ ಸೆನ್ಸರ್ ದುಡ್ಡು ಉಳೀತಿತ್ತು. ಆದ್ರೆ ಇದು ಎರಡು ವೈರಿನ ಟೆಂಪರೇಚರ್ ಸೆನ್ಸರಿಗೆ ಮಾತ್ರ, ಮೂರು ವೈರಿನದ್ದಕ್ಕೆ ಮಾಡಿದ್ರೆ 5 ವೋಲ್ಟ್ ಸಪ್ಲೈನೇ ಅರ್ತ್‌ಗೆ ಶಾರ್ಟ್ ಆಗತ್ತೆ, ಬೇಡ.

ಸ್ಕ್ಯಾನರ್ ಇಲ್ದೆ ಇರೋರಿಗೆ: ನಮ್ಮಲ್ಲಿ ಒಬಿಡಿ (ಕಾರು ತನ್ನ ತಪ್ಪನ್ನ ತಾನೇ ಹಿಡಿದು ಕೋಡಲ್ಲಿ ಹೇಳೋ ವ್ಯವಸ್ಥೆ) ಮೊದಲ ಹಂತ ಕಡ್ಡಾಯ ಆಗಿದ್ದು 2010ರ ಏಪ್ರಿಲಲ್ಲಿ, ಎರಡನೇ ಹಂತ 2013ರಲ್ಲಿ, ಅದಕ್ಕಿಂತ ಹಳೇದಾದ್ರೆ ಅಗ್ಗದ ಬ್ಲೂಟೂತ್ ಡಾಂಗಲ್ ಜೊತೆ ಕಾರು ಮಾತಾಡದೇನೂ ಇರಬಹುದು. ಮಲ್ಟಿಮೀಟರೇ ಗತಿ.

ಮ್ಯಾಪ್ ಸೆನ್ಸರ್, ಅಂದ್ರೆ ಎಂಜಿನ್ನಿಗೆ ಹೋಗೋ ಗಾಳಿಯ ಒತ್ತಡ ಅಳೆಯೋದು, ಅದರ ವಿಷಯಕ್ಕೆ ಬೆಂಗಳೂರಿನವರು ಹುಷಾರು. ಎಂಜಿನ್ ಆಫ್, ಕೀ ಆನ್ ಇದ್ದಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸ್ಬೇಕು. ಮಂಗಳೂರಲ್ಲಿ 101 ಕಿಲೋಪಾಸ್ಕಲ್ ಹತ್ರ ಬರತ್ತೆ, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರೋದ್ರಿಂದ 91ರ ಆಸುಪಾಸು ಬರತ್ತೆ. 101 ಬರ್ತಿಲ್ಲ ಅಂತ ಒಳ್ಳೇ ಸೆನ್ಸರ್ ಬಿಚ್ಚಬೇಡಿ. ಐಡಲಲ್ಲಿ 30ರಿಂದ 40ಕ್ಕೆ ಇಳಿದ್ರೆ ಆಯ್ತು.

ಎಂಜಿನ್ನಿಗೆ ಗಾಳಿ ಬಿಡೋ ಬಾಗಿಲು ಎಷ್ಟು ತೆರೆದಿದೆ ಅಂತ ಹೇಳೋ ಥ್ರಾಟಲ್ ಸೆನ್ಸರಿಗೆ ಆಕ್ಸಿಲರೇಟರ್ ಪೆಡಲ್ ನಿಧಾನಕ್ಕೆ ಒತ್ತಿ, ಸುಮಾರು ಅರ್ಧ ವೋಲ್ಟಿಂದ ನಾಲ್ಕೂವರೆ ತನಕ ಎಲ್ಲೂ ಎಗರದೆ ಏರ್ಬೇಕು, ಅಷ್ಟೇ.

ಎಂಜಿನ್ ಬಿಡೋ ಹೊಗೇಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡೋ ಆಕ್ಸಿಜನ್ ಸೆನ್ಸರ್ ಪಾಪ, ನಿಜ ಹೇಳಿ ಬೈಸ್ಕೊಳ್ಳೋ ಆಸಾಮಿ. ಪಿ0171 ಬಂದ್ರೆ ಮಿಶ್ರಣದಲ್ಲಿ ಪೆಟ್ರೋಲ್ ಸಾಲ್ತಿಲ್ಲ ಅಂತ ಅದು ವರದಿ ಕೊಡ್ತಿದೆ, ಒಡೆದ ವ್ಯಾಕ್ಯೂಮ್ ಹೋಸಿಂದ ಗಾಳಿ ಒಳಗೆ ನುಗ್ತಿರಬಹುದು. ಎಂಜಿನ್ ಬಿಸಿಯಾದ್ಮೇಲೆ 0.1ರಿಂದ 0.9 ವೋಲ್ಟ್ ನಡುವೆ ಚಕಚಕ ಓಡಾಡ್ತಿದ್ರೆ ಸೆನ್ಸರಿಗೆ ಜೀವ ಇದೆ.

ಕೊನೇದು ಕ್ರ್ಯಾಂಕ್ ಸೆನ್ಸರ್, ಎಂಜಿನ್ ತಿರುಗೋದನ್ನ ಇಸಿಯುಗೆ ಹೇಳೋದು. ಇದು ಕೈಕೊಟ್ರೆ ಟ್ರಾಫಿಕಲ್ಲಿ ಗಾಡಿ ಆಫ್ ಆಗತ್ತೆ, ಅರ್ಧ ಗಂಟೆ ಬಿಟ್ರೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗತ್ತೆ, ಗ್ಯಾರೇಜಿಗೆ ಹೋದ್ರೆ ತಕರಾರೇ ಇಲ್ಲ. ಎರಡು ವೈರಿನ ಕಾಯಿಲ್ ಥರದ್ದಾದ್ರೆ ಬಿಸಿಗೆ ಒಳಗಿನ ಸುರುಳಿ ಬಿಟ್ಕೊಳ್ಳತ್ತೆ, ತಣ್ಣಗಾದ್ಮೇಲೆ ಅಳೆದ್ರೆ ಓಮ್ ಸರಿಯಾಗೇ ತೋರಿಸತ್ತೆ. ಹಾಗಾಗಿ ಗಾಡಿ ನಿಂತ ಜಾಗದಲ್ಲೇ ಮೀಟರ್ ಹಿಡೀಬೇಕು. ನಾನಂತೂ ಮೀಟರ್ ಜೊತೆ ಒಂದು ಜೊತೆ ದಪ್ಪ ಗ್ಲೌಸನ್ನೂ ಡಿಕ್ಕೀಲೇ ಇಟ್ಟಿದೀನಿ.